ಸೂಟಿ ಕಂಪ್ಯೂಟರಿಗೂ ಪಗಾರ ಕಂಪ್ಯೂಟರಿಗೂ ಲಗ್ನ ಮಾಡಿಸಿದ ಅಮರೇಶ

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಓಡಾಡಿಯೂ ನೀವು ಅಮರೇಶನನ್ನು ನೋಡಿಲ್ಲವೆಂದರೆ ತಪ್ಪು ನಿಮ್ಮದೇ. ಕಾಣಿಸಿಕೊಳ್ಳುವುದರಲ್ಲಿ ಅವನು ಎಂದೂ ಕಡಿಮೆ ಮಾಡಿದವನಲ್ಲ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಹಾಕಿಕೊಂಡೇ ಕಾಯಿಪಲ್ಲೆ ಕೊಳ್ಳುತ್ತಾನೆ, ಹಾಕಿಕೊಂಡೇ ಚಾ ಕುಡಿಯುತ್ತಾನೆ. ಕ್ಷೌರದ ಕುರ್ಚಿಯಲ್ಲಿ ಕೂತಾಗ ಮೈತುಂಬ ಬಿಳಿ ಬಟ್ಟೆ ಹೊದಿಸಿದರೆ, ಚೀಟಿಯನ್ನು ಹೊರಗೆಳೆದು ಬಟ್ಟೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಅದರಲ್ಲಿ ಅವನ ಫೋಟೊ ಸಣ್ಣದು, ಅದರ ಕೆಳಗಿನ ‘ಮ್ಯಾನೇಜರ್, ಮಾನವ ಸಂಪನ್ಮೂಲ’ ದೊಡ್ಡದು.

ಆ ಚೀಟಿ ಹೊಸದಾಗಿ ಬಂದಾಗ ಚೊಳಚಗುಡ್ಡಕ್ಕೆ ಹೋಗಿ ತಾಯಿ ಗುರುಸಿದ್ದವ್ವನಿಗೆ ತೋರಿಸಿದ್ದ. ಆಕೆ ಬನಶಂಕರಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಬಂದವರಿಗೆ ರೊಟ್ಟಿ, ಮೊಸರು, ಕೆಂಪು ಚಟ್ನಿ ಬಡಿಸಿಯೇ ಮಗನನ್ನು ಓದಿಸಿದವಳು.

“ಮಾನವ ಸಂಪನ್ಮೂಲ ಅಂದ್ರೇನೋ ಯಪ್ಪಾ?”

“ಮಂದಿ, ಅವ್ವ. ಮಂದೀನ್ನ ನೋಡಿಕೊಳ್ಳೂದು.”

“ಅದಕ್ಕ ಪಗಾರ ಕೊಡ್ತಾರ? ಯವ್ವಾ, ನಾ ಇಷ್ಟ ವರ್ಷ ಪುಕ್ಕಟೆ ನೋಡೇನಿ ನೋಡು!”

ಅಮರೇಶ ಅಮಾತೆಪ್ಪ ಸಾವಕಾರರ ಕಂಪನಿಗೆ ಸೇರಿದ್ದು ಫ್ಯಾಕ್ಟರಿಯ ಗೇಟಿನಲ್ಲಿ ಗಂಟೆ ಹೊಡೆಯುವವನಾಗಿ. ಇಳಕಲ್ಲಿಗೂ ಹುನಗುಂದಕ್ಕೂ ನಡುವೆ, ಕೆಂಪು ಕಲ್ಲನ್ನು ಕೊಯ್ದು ಪಾಲಿಶ್ ಮಾಡುವ ಫ್ಯಾಕ್ಟರಿ ಅದು. ತೂಗುಹಾಕಿದ ರೈಲುಪಟ್ಟಿಯ ತುಂಡಿಗೆ ಅಮರೇಶ ಸುತ್ತಿಗೆಯಿಂದ ಹೊಡೆದರೆ ಪಾಳಿ ಬದಲಾಗುತ್ತಿತ್ತು. ಹೊಡೆಯುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದನಂತೆ, ತಾನೇ ಬಾಯಿಂದ ಸದ್ದು ಹೊರಡಿಸಬೇಕೇನೋ ಎಂಬಂತೆ. ಅಲ್ಲಿಂದ ಹಾಜರಿ ಗುಮಾಸ್ತ, ಆಮೇಲೆ ವಿದ್ಯಾಗಿರಿಯ ಹೆಡ್ ಆಫೀಸು, ಆಮೇಲೆ ಮೇಲೆ ಹೇಳಿದ ಚೀಟಿ.

ಕಂಪನಿಯಲ್ಲಿ ಎರಡು ಸಾಫ್ಟ್‌ವೇರ್ ಇದ್ದವು. ಯಾರು ಯಾವಾಗ ಬಂದರು, ಹೋದರು, ರಜೆ ಹಾಕಿದರು ಎಂಬ ಲೆಕ್ಕವೆಲ್ಲ ಬಾಗಲಕೋಟೆಯಲ್ಲಿ ಅಮರೇಶನ ಕೈಯಲ್ಲಿ. ಇಡೀ ಫ್ಯಾಕ್ಟರಿಯ ಬಾಯಲ್ಲಿ ಅದು ‘ಸೂಟಿ ಕಂಪ್ಯೂಟರ’. ಯಾರಿಗೆ ಎಷ್ಟು ಸಂಬಳ, ಎಷ್ಟು ಪಿಎಫ್ ಎಂಬುದೆಲ್ಲ ಇಳಕಲ್ಲಿನಲ್ಲಿ ಲೆಕ್ಕಪತ್ರ ನೋಡುವ ದಸ್ತಗೀರಸಾಬರ ಕೈಯಲ್ಲಿ. ಅದು ‘ಪಗಾರ ಕಂಪ್ಯೂಟರ’. ಒಂದಕ್ಕೆ ಇನ್ನೊಂದರ ಗುರುತಿಲ್ಲ. ಆದ್ದರಿಂದ ತಿಂಗಳ ಕೊನೆಗೆ ಅಮರೇಶ ತನ್ನ ಹಾಜರಿಯನ್ನೆಲ್ಲ ಪ್ರಿಂಟು ತೆಗೆಸಿ, ಆಳಿನ ಕೈಯಲ್ಲಿ ಕೊಟ್ಟು, ಬಸ್ಸು ಹತ್ತಿಸಿ ಇಳಕಲ್ಲಿಗೆ ಕಳಿಸುವನು. ದಸ್ತಗೀರಸಾಬರು ಕನ್ನಡಕ ಒರೆಸಿಕೊಂಡು ಅದನ್ನೆಲ್ಲ ಮೊದಲಿನಿಂದ ಟೈಪು ಮಾಡುವರು. ಒಮ್ಮೆ ಆಳಿಗೆ ನಿದ್ದೆ ಹತ್ತಿ ಹಾಜರಿ ಕುಷ್ಟಗಿಗೆ ಹೋಗಿಬಿಟ್ಟಿತು. ಇನ್ನೊಮ್ಮೆ, ಮಗಳ ಲಗ್ನಕ್ಕೆಂದು ಸೂಟಿ ಹಾಕಿದ್ದ ದೇವಪ್ಪ ಅಕ್ಷತೆ ಹಾಕುತ್ತಿದ್ದ ಹೊತ್ತಿಗೇ ಪಗಾರ ಕಂಪ್ಯೂಟರಿನಲ್ಲಿ ಓವರ್‌ಟೈಮ್ ದುಡಿಯುತ್ತಿದ್ದ. ಕಂಪನಿಯದೇ ಬದಾಮಿಯ ಲಾಡ್ಜಿಗೆ ವರ್ಗವಾದ ಅಡಿಗೆಯವನಂತೂ ಎರಡು ಊರಲ್ಲೂ ಇದ್ದ.

ಸಾವಕಾರರಿಗೆ ಸಾಕಾಯಿತು. ಇಬ್ಬರನ್ನೂ ಕರೆದು ಹೇಳಿದರು: “ಎರಡೂ ಕೂಡಿ ಒಂದ ಆಗಬೇಕು. ಇದನ್ನ ಯಾರು ದಂಡಿಗೆ ಹಚ್ಚತೀರಿ, ಅವರು ಜನರಲ್ ಮ್ಯಾನೇಜರ್. ಕುರ್ಚಿ ಒಂದ ಐತಿ, ನೆನಪಿರಲಿ.”

ಅಮರೇಶನಿಗೆ ಅಂದಿನಿಂದ ಊಟ ರುಚಿಸಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಸುತ್ತಿಗೆ ಹಿಡಿದಿದ್ದ ಕೈಗೆ ಇನ್ನು ಒಂದೇ ಮೆಟ್ಟಿಲು ಬಾಕಿ. ಹೆಂಡತಿ ಶೈಲಾಳ ಮುಂದೆ ರಾತ್ರಿಯಿಡೀ ಅದೇ ಮಾತು.

“ಜನರಲ್ ಮ್ಯಾನೇಜರ್ ಆದಮ್ಯಾಲೆ ಮನಿಗೆ ಹಾಲರ ತರ್ತೀರೋ ಇಲ್ಲೋ?” ಎಂದು ಶೈಲಾ ಕೇಳಿದಳು.

“ಅದನ್ನ ಆಮ್ಯಾಲೆ ವಿಚಾರ ಮಾಡೂಣು,” ಎಂದ ಅಮರೇಶ. ಈಗಾಗಲೇ ಕುರ್ಚಿಯಲ್ಲಿ ಕೂತವನ ಧ್ವನಿ ಅದು.

ಆದರೆ ದಸ್ತಗೀರಸಾಬರೂ ಸಾಮಾನ್ಯ ಆಸಾಮಿಯಲ್ಲ. ತಮ್ಮ ಕಂಪ್ಯೂಟರಿಗೆ ಹಳೆಯ ಇಳಕಲ್ ಸೀರೆಯ ಸೆರಗು ಹೊದಿಸಿ ಇಡುತ್ತಿದ್ದರು. ಪಾಸ್‌ವರ್ಡ್ ಹೊಡೆಯುವಾಗ ಕೋಣೆಯಲ್ಲಿ ಬೆಕ್ಕಿದ್ದರೂ ಹೊರಗೆ ಹಾಕುತ್ತಿದ್ದರು. ಅಮರೇಶ ಮಾತುಕತೆಗೆ ಹೋದಾಗ ಹೆಣ್ಣಿನ ತಂದೆಯಂತೆ ಬಿಗಿದುಕೊಂಡು ಕೂತರು.

“ನಮ್ಮ ಕಡೆ ಹದಿನೈದು ವರ್ಷದ ಹಿಸ್ಟರಿ ಐತ್ರಿ ಅಮರೇಶಪ್ಪ. ನಿಮ್ಮ ಕಡೆ ಏನೈತಿ?”

“ನಮ್ಮ ಕಡೆ ಕ್ಲೌಡ್ ಐತ್ರಿ ಸಾಬರ.”

“ಮೋಡ ನಂಬಿ ಯಾರರ ಹೆಣ್ಣ ಕೊಡ್ತಾರೇನ್ರಿ ಈ ಸೀಮ್ಯಾಗ?”

ಹೋಗುವಾಗೆಲ್ಲ ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ಹೋಗಬೇಕಾಯಿತು. ಹುಬ್ಬಳ್ಳಿಯಿಂದ ಬಂದ ಸಾಫ್ಟ್‌ವೇರಿನವರು ಒಂದು ವಾರದ ಕೆಲಸವೆಂದು ಹೇಳಿದ್ದನ್ನು ಕರದಂಟು ತಿನ್ನುತ್ತ ಅರ್ಧ ವರ್ಷ ಎಳೆದರು. ಕೊನೆಗೆ ಜೂನ್ ಒಂದರಿಂದ ಎರಡೂ ಒಂದಾಗುವುದೆಂದು ಮುಹೂರ್ತ ಇಟ್ಟರು. ಹೊಸ ತಿಂಗಳು, ಹೊಸ ಪಗಾರ, ಸಾಬರೂ ಒಪ್ಪಿದರು. ಒಂದೇ ಕರಾರು: ಏನೇ ಬದಲು ಮಾಡಬೇಕಾದರೂ ಅಮರೇಶ ಗುಂಡಿ ಒತ್ತಬೇಕು, ಸಾಬರ ಫೋನಿಗೆ ಬರುವ ಓಟಿಪಿಯನ್ನು ಸಾಬರು ಹೇಳಬೇಕು.

ಇಷ್ಟಕ್ಕೇ ನಿಲ್ಲಿಸಿದ್ದರೆ ಅಮರೇಶ ಅಮರೇಶನಾಗುತ್ತಿರಲಿಲ್ಲ. ಹುಬ್ಬಳ್ಳಿಯ ತರಬೇತಿಯೊಂದರಲ್ಲಿ, ಕೆಲಸಗಾರರ ಹುಟ್ಟುಹಬ್ಬ ಆಚರಿಸಿದರೆ ಅವರು ಪ್ರಾಣ ಕೊಟ್ಟು ದುಡಿಯುತ್ತಾರೆಂದು ಯಾರೋ ಹೇಳಿದ್ದರು. ಅಮರೇಶ ಹೊಸ ಸಾಫ್ಟ್‌ವೇರಿಗೆ ಅದನ್ನೂ ಜೋಡಿಸಿದ. ಹುಟ್ಟಿದ ದಿನ ಬಂತೆಂದರೆ ಫೋನಿಗೆ ಶುಭಾಶಯ, ಪಗಾರ ಸಮೇತ ಸೂಟಿ, ಬೇಕರಿಗೆ ತಾನಾಗಿಯೇ ಅರ್ಧ ಕಿಲೋ ಕೇಕಿನ ಆರ್ಡರು. ಸೂಟಿಯ ದಿನ ಕೆಲಸಕ್ಕೆ ಬಂದು ಓವರ್‌ಟೈಮ್ ಕೇಳಬಾರದಲ್ಲ, ಅದಕ್ಕೆ ಅವತ್ತು ಗೇಟಿನ ಮಷೀನು ಅವರ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ.

“ದಿನಾ ಎಷ್ಟ ಮಂದಿ ಸೂಟಿ ಹೊಕ್ಕಾರಪಾ?” ಎಂದು ಸಾವಕಾರರು ಕೇಳಿದ್ದರು.

“ವರ್ಷದ ದಿನಕ್ಕೆಲ್ಲಾ ಹಂಚಿ ಬಿಟ್ರ ದಿನಕ್ಕ ಒಬ್ಬ ಸುದ್ದಾ ಬರಾಂಗಿಲ್ರಿ ಸಾವಕಾರ್ರ,” ಎಂದು ಅಮರೇಶ ಉತ್ತರಿಸಿದ್ದ. ಲೆಕ್ಕ ಸರಿಯಾಗಿಯೇ ಇತ್ತು.

ಮುಹೂರ್ತದ ದಿನ ಅಮರೇಶ ಫೋನು ಕೂಡ ನೋಡದೆ ಇಸ್ತ್ರಿ ಅಂಗಿ ತೊಟ್ಟು, ಚೀಟಿ ತಿಕ್ಕಿ ಹೊಳೆಯಿಸಿಕೊಂಡು ಫ್ಯಾಕ್ಟರಿಗೆ ಬಂದ. ಅವತ್ತೇ ಮೈಸೂರಿನಿಂದ ರಾಧಿಕಾ ಎಂಬ ಕಟ್ಟಡ ವಿನ್ಯಾಸದ ಮೇಡಂ ದೊಡ್ಡ ಹೋಟೆಲಿಗೆ ಕಲ್ಲು ನೋಡಲು ಬರುವವರಿದ್ದರು. ಅವರನ್ನು ಸಾವಕಾರರೇ ಬದಾಮಿಯಿಂದ ಕಾರಿನಲ್ಲಿ ಕರೆತರುತ್ತಿದ್ದರು. ಗರಗರ ತಿರುಗುವ ಮಷೀನು, ಒಂದಾದ ಸಾಫ್ಟ್‌ವೇರು, ಇವೆರಡನ್ನೂ ಮೇಡಂ ಮುಂದೆ ತೋರಿಸಿದರೆ ಕುರ್ಚಿ ಸಿಕ್ಕಂತೆ.

ಗೇಟಿನ ಮುಂದೆ ಇಡೀ ಫ್ಯಾಕ್ಟರಿ ನಿಂತಿತ್ತು. ಹೊರಗೆ.

“ಯಾಕ್ರಲೇ, ಒಳಗ ಹೋಗ್ರಿ!”

ಪಾಲಿಶ್ ವಿಭಾಗದ ಮೇಸ್ತ್ರಿ ದೇವಪ್ಪ ಮುಂದೆ ಬಂದ. “ಥಂಬ್ ಹಚ್ಚಿದ್ರ ಮಷೀನ ಬಾಜಾ ಬಾರಸಾಕತ್ತೈತ್ರಿ ಸರ. ಮನಿಗೆ ಹೋಗು ಅಂತೈತಿ.”

“ಹೆಂಗ ಹಚ್ಚೂದು ಅನ್ನೂದ ಗೊತ್ತಿಲ್ಲ ನಿಮಗ. ಸರೀರಿ.” ಅಮರೇಶ ಗಂಟಲು ಸರಿಮಾಡಿಕೊಂಡು ತನ್ನ ಹೆಬ್ಬೆಟ್ಟು ಒತ್ತಿದ. ಮಷೀನು ‘ಟೊಂಯ್ ಟೊಟೊಂಯ್’ ಎಂದು ಸಂಭ್ರಮದಿಂದ ಕೂಗಿತು. ಪರದೆಯ ಮೇಲೆ ಬಲೂನುಗಳು ಹಾರಿದವು. ‘ಪ್ರಿಯ ಅಮರೇಶ, ಜನ್ಮದಿನದ ಶುಭಾಶಯಗಳು. ಇಂದು ನಿಮಗೆ ಪಗಾರ ಸಹಿತ ರಜೆ. ದಯವಿಟ್ಟು ಮನೆಗೆ ತೆರಳಿ.’

ಜನ ಚಪ್ಪಾಳೆ ತಟ್ಟಿದರು.

ಅಮರೇಶನಿಗೆ ಆಗ ನೆನಪಾಯಿತು. ಅಲ್ಲಿ ನಿಂತ ಅಷ್ಟೂ ಮಂದಿಯನ್ನು ಚಿಕ್ಕಂದಿನಲ್ಲಿ ಯಾರೋ ರಟ್ಟೆ ಹಿಡಿದು ಶಾಲೆಗೆ ಎಳೆದೊಯ್ದಿದ್ದರು. ಹುಟ್ಟಿದ ತಾರೀಖು ಎಂದಾಗ ತಂದೆತಾಯಿ ಮುಖ ಮುಖ ನೋಡಿಕೊಂಡಿದ್ದರು. ಮಾಸ್ತರರು ನಿಟ್ಟುಸಿರು ಬಿಟ್ಟು, ಸಾಲಿ ಶುರುವಾಗುವ ದಿನವನ್ನೇ ಬರೆದುಕೊಂಡಿದ್ದರು: ಜೂನ್ ಒಂದು. ವರ್ಷ ಮಾತ್ರ ಮಗುವಿನ ಎತ್ತರ ನೋಡಿ. ಅದೇ ದಾಖಲೆ ಬೆಳೆದು ಪಿಎಫ್‌ಗೆ ಬಂದು, ಪಗಾರ ಕಂಪ್ಯೂಟರಿನಲ್ಲಿ ತಣ್ಣಗೆ ಮಲಗಿತ್ತು. ಇದು ಅಮರೇಶನಿಗೆ ಗೊತ್ತಿಲ್ಲವೆಂದಲ್ಲ, ದಸ್ತಗೀರಸಾಬರಿಗೆ ಗೊತ್ತಿಲ್ಲವೆಂದಲ್ಲ. ಆದರೆ ಜೂನ್ ಒಂದು ಎಂಬುದು ಅರ್ಜಿಯಲ್ಲಿ ತುಂಬುವ ತಾರೀಖು. ಅದಕ್ಕೂ ತಾವು ಹುಟ್ಟಿದ್ದಕ್ಕೂ ಸಂಬಂಧವಿದೆಯೆಂದು ಈ ಸೀಮೆಯಲ್ಲಿ ಯಾರಿಗೂ ಯಾವತ್ತೂ ಅನಿಸಿರಲಿಲ್ಲ. ಕಂಪ್ಯೂಟರ ಒಂದೇ ಅದನ್ನು ನಂಬಿತು.

ಒಳಗೆ ಹೋಗಲು ಸಾಧ್ಯವಾದದ್ದು ದವಾಖಾನೆಯಲ್ಲಿ ಹುಟ್ಟಿ ಖರೆ ತಾರೀಖು ಪಡೆದ ಹತ್ತಿಪ್ಪತ್ತು ಎಳೆಯರಿಗೆ ಮಾತ್ರ. ಅವರು ಕೆಲಸ ಹೇಳುವ ಹಿರಿಯರು ಯಾರೂ ಇಲ್ಲದ್ದು ನೋಡಿ ಕ್ರಿಕೆಟ್ ಶುರು ಮಾಡಿದ್ದರು.

ಅಷ್ಟರಲ್ಲಿ ದಸ್ತಗೀರಸಾಬರು ಬಂದು ಹೆಬ್ಬೆಟ್ಟು ಒತ್ತಿದರು. ಟೊಂಯ್ ಟೊಟೊಂಯ್.

“ಸಾಬರ, ನೀವೂ?”

“ಇಳಕಲ್ಲ ಉರ್ದು ಸಾಲಿ. ನಮ್ಮ ಮಾಸ್ತರ್ರಿಗೂ ಬ್ಯಾರೆ ತಾರೀಖ ಗೊತ್ತಿರಲಿಲ್ಲ,” ಎಂದರು ಸಾಬರು ಗಂಭೀರವಾಗಿ. “ತಪ್ಪ ನಮ್ಮ ಕಂಪ್ಯೂಟರದ್ದಲ್ಲ. ಹದಿನೈದು ವರ್ಷ ಸುಮ್ಮನ ಇತ್ತು. ನಿಮ್ಮ ಮನಿಗೆ ಬಂದ ಕೂಡಲೆ ಹಿಂಗಾತು.”

“ಅಂದ್ರ ತಪ್ಪ ನಮ್ಮ ಕಡೇವರದು?”

“ಲಗ್ನಾದ ದಿನಾನ ತಪ್ಪ ಹೆಣ್ಣಿನ ಮ್ಯಾಲ ಹಾಕಬ್ಯಾಡ್ರಿ ಅಂದೆ, ಅಷ್ಟ.”

ಜಗಳ ಕಾವೇರುವ ಮೊದಲೇ ರಸ್ತೆಯಲ್ಲಿ ಹಾರ್ನು ಕೇಳಿಸಿತು. ಒಂದರ ಹಿಂದೆ ಒಂದು, ಐದು ಟಂಟಂ ರಿಕ್ಷಾ. ಪ್ರತಿಯೊಂದರಲ್ಲೂ ಮಾಡಿನ ತನಕ ಕೇಕಿನ ಡಬ್ಬಿ. ಮುಂದಿನದರಿಂದ ಇಳಕಲ್ಲಿನ ಬೇಕರಿಯ ಅಫ್ಸರ ಇಳಿದ. ತಲೆಯಿಂದ ಚಪ್ಪಲಿಯವರೆಗೆ ಮೈದಾ.

“ಎಲ್ಲಾ ತಂದೇನ್ರಿ ಅಮರೇಶ ಸರ. ನಡುರಾತ್ರಿ ಆರ್ಡರ ಬಂತು, ಹುನಗುಂದದ ಬೇಕರಿ ಒಲಿ ಸುದ್ದಾ ಇಸಕೊಂಡೆ. ತತ್ತಿ ಹಾಕಿಲ್ರಿ, ಎಲ್ಲಾರೂ ತಿನಬೌದು.” ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದ: “ಖರೆ ಹೇಳ್ರಿ. ಸಾವಕಾರ್ರು ಎಲೆಕ್ಷನ್ನಿಗೆ ನಿಂದ್ರಾಕತ್ತಾರ ಹೌದಲ್ಲೋ?”

ಇನ್ನು ಯಾರನ್ನು ತಡೆಯುವುದು? ಡಬ್ಬಿಗಳು ಇಳಿದವು. ಒಂದೊಂದರ ಮೇಲೂ ಒಂದೊಂದು ಹೆಸರು. ಗೇಟಿನ ಹೊರಗಿನ ಅಂಗಳದಲ್ಲಿ ಗದ್ದಲವೆದ್ದಿತು. ಮೇಣದ ಬತ್ತಿ ಸಾಲದೆ ಒಬ್ಬ ಊದಿನಕಡ್ಡಿ ಹಚ್ಚಿದ. ಕಲ್ಲು ಕೊಯ್ಯುವ ಮಂದಿಯಲ್ಲವೇ, ಒಬ್ಬನು ಅಳತೆಪಟ್ಟಿ ಹಿಡಿದು ನೆಟ್ಟಗೆ ಗೆರೆ ಎಳೆದು ಕೇಕು ಕೊಯ್ದ. ಪಾಲಿಶ್ ವಿಭಾಗದ ಸಕ್ರವ್ವ ತನ್ನ ಡಬ್ಬಿ ತೆರೆದು, ಕೆಂಪು ಅಕ್ಷರಗಳ ಮೇಲೆ ಮುಟ್ಟಿಯೂ ಮುಟ್ಟದಂತೆ ಬೆರಳಾಡಿಸಿದಳು.

“ಸಾಲಿಗೆ ಹೆಸರ ಹಚ್ಚಿದ್ದಷ್ಟ, ಓದಾಕ ಬರಾಂಗಿಲ್ಲ. ಇದು ನನ್ನ ಹೆಸರೇನೋ ದೇವಪ್ಪ?”

“ಹೌದಬೇ. ಸಕ್ರವ್ವ ಅಂತ ಐತಿ.”

“ನಾ ಹುಟ್ಟಿದ್ದಕ್ಕ ಒಬ್ರರ ಖುಷಿ ಪಟ್ರಲ್ಲೋ ಯಪ್ಪಾ. ನಮ್ಮಪ್ಪ, ಮತ್ತೂ ಹೆಣ್ಣ ಆತು ಅಂತ ಎರಡ ದಿನ ಹೊಲದಾಗ ಮಲಗಿದ್ನಂತ!” ಎಂದು ಸಕ್ರವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುತ್ತಲಿದ್ದವರೂ ನಕ್ಕರು.

ಅಮರೇಶನ ಫೋನು ಹೊಡೆದುಕೊಂಡಿತು. ಸಾವಕಾರರು. “ಹುನಗುಂದ ದಾಟೀವಿ. ಮೇಡಮ್ಮಾರಿಗೆ ನಮ್ಮ ಫ್ಯಾಕ್ಟರ್ಯಾಗ ಮಷೀನ ನಿಂದ್ರೂದ ಅನ್ನೂದ ಇಲ್ಲ ಅಂತ ಹೇಳೇನಿ. ಎಲ್ಲಾ ತಯಾರೈತಿ ಹೌದಲ್ಲೋ?”

“ಹೌ... ಹೌದ್ರಿ.”

ಕುರ್ಚಿ ಕಣ್ಣಮುಂದೆ ತಿರುಗಿತು. ಅಮರೇಶ ಫೋನಿನಲ್ಲಿ ಸಾಫ್ಟ್‌ವೇರು ತೆಗೆದ. ‘ಈ ದಿನದ ಎಲ್ಲ ಜನ್ಮದಿನ ರಜೆಗಳನ್ನು ರದ್ದುಪಡಿಸು’ ಎಂಬ ಗುಂಡಿ ಇತ್ತು. “ಸಾಬರ, ಓಟಿಪಿ!” ಎಂದ. ಸಾಬರಿಗೂ ಅದೇ ಕುರ್ಚಿ ಕಾಣುತ್ತಿತ್ತು; ಅವರು ಜೀವನದಲ್ಲಿ ಮೊದಲ ಸಲ ಓಟಿಪಿಯನ್ನು ಗಟ್ಟಿಯಾಗಿ ಓದಿದರು.

ಮರುಗಳಿಗೆ ಅಂಗಳದ ಫೋನುಗಳೆಲ್ಲ ಒಟ್ಟಿಗೆ ಕಿಣಿಕಿಣಿ ಎಂದವು. ದೇವಪ್ಪ ಓದಿದ: “ನಿಮ್ಮ ಜನ್ಮದಿನವನ್ನು ರದ್ದುಪಡಿಸಲಾಗಿದೆ. ಅನಾನುಕೂಲಕ್ಕೆ ವಿಷಾದಿಸುತ್ತೇವೆ.”

ಬಾಯಿಗೆ ಹೋಗುತ್ತಿದ್ದ ಕೇಕು ಅಲ್ಲಲ್ಲೇ ನಿಂತಿತು.

“ರದ್ದ ಅಂದ್ರ?” ಸಕ್ರವ್ವ ಕೇಳಿದಳು.

“ನೀ ಹುಟ್ಟಿಲ್ಲ ಅಂತಬೇ ಈಗ.”

“ಯಾವಾಂವಲೇ ಅಂವಾ, ನಾ ಹುಟ್ಟಿಲ್ಲ ಅನ್ನಾಂವ?” ಸಕ್ರವ್ವ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಎದ್ದಳು. “ಯಪ್ಪಾ ಅಮರೇಶಪ್ಪ, ನೀ ಗಂಟಿ ಹೊಡ್ಯಾಂವ ಇದ್ದಾಗಿಂದ ನೋಡೇನಿ ನಿನ್ನ. ಸೂಟಿ ಬೇಕಂದ್ರ ತಗೋ. ಹುಟ್ಟಿದ್ದ ಕೊಡಾಂಗಿಲ್ಲ!”

ಗೇಟು ಈಗ ಎಲ್ಲರಿಗೂ ತೆರೆದಿತ್ತು. ಒಬ್ಬರೂ ಒಳಗೆ ಕಾಲಿಡಲಿಲ್ಲ. ಆ ಹೊತ್ತಿಗೇ ಸಾವಕಾರರ ಕಾರು ಬಂದು ನಿಂತಿತು.

ಇಳಿದ ಸಾವಕಾರರ ಮುಖ ಅರಳಿತ್ತು. ದಾರಿಯುದ್ದಕ್ಕೂ ಅವರು ರಾಧಿಕಾ ಮೇಡಂಗೆ ತಮ್ಮ ಫೋನು ತೋರಿಸುತ್ತ ಬಂದಿದ್ದರು. ಎಪ್ಪತ್ತು ವರ್ಷದಲ್ಲಿ ಮೊದಲ ಬಾರಿ ಯಾರೋ ಅವರಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿದ್ದರು. ಅಂಗಳದ ತುಂಬ ಕೇಕು ಕಂಡದ್ದೇ ತಡ, ಅವರ ಕಣ್ಣು ತುಂಬಿ ಬಂತು.

“ಇದೆಲ್ಲಾ ನನ್ನ ಸಲುವಾಗಿ?” ಎಂದರು.

ಅಷ್ಟರಲ್ಲಿ ಸಾವಕಾರರ ಕಿಸೆಯಲ್ಲಿ ಫೋನು ಮತ್ತೊಮ್ಮೆ ಕಿಣಿ ಎಂದಿತು. “ನೋಡ್ರಿ, ಇನ್ನೊಬ್ರು ಯಾರೋ ವಿಶ್ ಮಾಡ್ಯಾರ. ಚಾಳೀಸ ಕಾರಿನ್ಯಾಗ ಉಳದೈತಿ, ಸ್ವಲ್ಪ ಓದ್ರಿ ಮೇಡಂ.”

ರಾಧಿಕಾ ಮೇಡಂ ತಮ್ಮ ಮೈಸೂರಿನ ಮೆತ್ತನೆಯ ಕನ್ನಡದಲ್ಲಿ ಓದಿದರು. ಓದಿ, ಅನುಮಾನ ಬಂದು, ಮತ್ತೊಮ್ಮೆ ಓದಿದರು.

“ನನ್ನ ಬರ್ತಡೇ ರದ್ದ ಮಾಡಿದಾಂವ ಯಾಂವ?” ಸಾವಕಾರರ ಧ್ವನಿ ಕಲ್ಲು ಕೊಯ್ಯುವ ಮಷೀನಿಗಿಂತ ಮೇಲೇರಿತು.

ಕುರ್ಚಿ ಗಾಳಿಯಲ್ಲಿ ಹಾರಿಹೋಗುವುದು ಅಮರೇಶನಿಗೆ ಕಾಣಿಸಿತು. ಪಕ್ಕದಲ್ಲೇ ದಸ್ತಗೀರಸಾಬರು ಇದ್ದರು, ಕೈ ತೋರಿಸಬಹುದಿತ್ತು. ಇನ್ನೊಂದು ಕಡೆ ಸಕ್ರವ್ವ ಡಬ್ಬಿ ಅಪ್ಪಿಕೊಂಡು ನಿಂತಿದ್ದಳು. ಏನು ಹೊಳೆಯಿತೋ, ಅಮರೇಶ ಕೊರಳಿನ ಚೀಟಿಯನ್ನು ತೆಗೆದು ಕಿಸೆಗೆ ಹಾಕಿಕೊಂಡ.

“ನಾನ್ರಿ ಸಾವಕಾರ್ರ. ಮೊದಲ ಎಲ್ಲಾರಿಗೂ ಕೊಟ್ಟಾಂವನೂ ನಾನ, ಆಮ್ಯಾಲೆ ಕಸಗೊಂಡಾಂವನೂ ನಾನ. ನೀವು ಬರೋದ್ರಾಗ ಮಷೀನ ತಿರುಗಬೇಕು, ನಾ ಜನರಲ್ ಮ್ಯಾನೇಜರ್ ಆಗಬೇಕು ಅಂತ ಮಾಡಿದೆ. ಈಗ ಎಲ್ಲಾರದೂ ವಾಪಸ್ ಕೊಡ್ತೇನಿ. ಇವತ್ತ ಮಷೀನ ತಿರುಗಾಂಗಿಲ್ರಿ.”

ಆಗ ಯಾರೂ ನಿರೀಕ್ಷಿಸದ ಕೆಲಸವನ್ನು ದಸ್ತಗೀರಸಾಬರು ಮಾಡಿದರು. “ಓಟಿಪಿ ಹೇಳಿದಾಂವ ನಾನ್ರಿ,” ಎಂದರು. “ನಾ ಹೇಳದಿದ್ರ ಇಂವಾ ಏನ ಒತ್ತತಿದ್ದ, ಹಣಿ ಹಣಿ ಒತ್ತಿಕೋಬೇಕಿತ್ತು.”

ರಾಧಿಕಾ ಮೇಡಂ ಅಲ್ಲಿಯವರೆಗೆ ಕೇಕುಗಳನ್ನೇ ನೋಡುತ್ತಿದ್ದರು. “ಒಂದ್ನಿಮಿಷ. ನಿಮ್ಮಲ್ಲಿ ಎಲ್ರೂ ಒಂದೇ ದಿನ ಹುಟ್ಟಿದಾರಾ?”

“ಹೌದ್ರಿ ಮೇಡಂ,” ಎಂದ ದೇವಪ್ಪ. “ಸಾಲಿ ಶುರು ಆಗೂ ದಿನಾ.”

“ನೀವು ಯಾವತ್ತ ಹುಟ್ಟೀರಿ?” ಎಂದು ಸಕ್ರವ್ವ ಕೇಳಿದಳು.

“ನವೆಂಬರ್ ಒಂಬತ್ತು.”

“ಅಯ್ಯ ನಮ್ಮವ್ವಾ, ಒಬ್ಬಾಕೀನೇ?” ಸಕ್ರವ್ವನ ಧ್ವನಿಯಲ್ಲಿ ಖರೆ ಮರುಕವಿತ್ತು. “ಬಾ, ನನ್ನ ಕೇಕ ಕೊಯ್ಯಿ.”

ಮೇಡಂ ನಗಲು ಶುರುಮಾಡಿದರು, ನಿಲ್ಲಿಸಲು ಆಗಲಿಲ್ಲ. ಕಾರಿನ ಬಾನೆಟ್ಟಿಗೆ ಒರಗಿ ನಕ್ಕರು. ಅದನ್ನು ನೋಡಿ ಅಫ್ಸರ ನಕ್ಕ, ಮೈದಾ ಉದುರಿತು. ಕೊನೆಗೆ ಸಾವಕಾರರೂ, ಸಿಟ್ಟು ಎಲ್ಲಿಗೆ ಬಂದಿತ್ತೆಂದು ಮರೆತು, ಭುಜ ಕುಣಿಸತೊಡಗಿದರು.

ಅಮರೇಶ ಗುಂಡಿ ಒತ್ತಿದ, ಸಾಬರು ಓಟಿಪಿ ಹೇಳಿದರು, ಅಷ್ಟೂ ಮಂದಿ ಮತ್ತೆ ಹುಟ್ಟಿದರು. ಹುಟ್ಟಿದ ಕೂಡಲೇ ಸಕ್ರವ್ವ ಸೆರಗು ಸಿಕ್ಕಿಸಿದಳು. “ಸೂಟಿ ದಿನಾ ಮನಿಗೆ ಬೀಗರು ಬಂದ್ರ ಚಾ ಮಾಡಾಂಗಿಲ್ಲೇನು? ನಡೀರಿ, ಮೇಡಮ್ಮಾರಿಗೆ ಒಂದ ಕಲ್ಲ ಪಾಲಿಶ್ ಮಾಡಿ ತೋರಸೂಣು.” ದವಾಖಾನೆಯ ಎಳೆಯರು ಕ್ರಿಕೆಟ್ ಬಿಟ್ಟು ಒಳಗಿನಿಂದ ದೊಡ್ಡ ಗೇಟನ್ನೇ ತೆರೆದರು. ದೇವಪ್ಪ ಮಷೀನು ಹಚ್ಚಿದ, ನೀರು ಚಿಮ್ಮಿತು, ಕೆಂಪು ಕಲ್ಲು ಹೊಳೆದು ಹೊಳೆದು ಅದರಲ್ಲಿ ರಾಧಿಕಾ ಮೇಡಮ್ಮನ ಮುಖ ಕಂಡಿತು. ಮೂಗಿನ ಮೇಲೆ ಕೇಕು ಇತ್ತು. ಅವರು ಇಡೀ ಹೋಟೆಲಿಗೆ ಇದೇ ಕಲ್ಲು ಎಂದರು.

ಸಾವಕಾರರು ಚಾ ಕುಡಿಯುತ್ತ ತೀರ್ಪು ಕೊಟ್ಟರು. “ಕೆಟ್ಟಿದ್ದು ಇಬ್ಬರಿಂದ, ಒಪ್ಪಿಕೊಂಡಾವರೂ ಇಬ್ಬರೂ. ನಾ ಎಲ್ಲೆ ಆರಸಲಿ? ಇಬ್ಬರೂ ಜನರಲ್ ಮ್ಯಾನೇಜರ್ ಆಗ್ರಿ. ಕುರ್ಚಿ ಇನ್ನೊಂದ ತರಸ್ತೇನಿ.”

ಅಮರೇಶ ಕೂಡಲೇ ಶೈಲಾಗೆ ಫೋನು ಮಾಡಿದ. “ಆದೆ! ಜನರಲ್ ಮ್ಯಾನೇಜರ್ ಆದೆ!”

ಹಿಂದೆ ದಸ್ತಗೀರಸಾಬರು ತಮ್ಮ ಮನೆಗೆ ಅದೇ ಸುದ್ದಿಯನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಿದ್ದುದು ಆ ಕಡೆಗೂ ಕೇಳಿಸಿತು. ಶೈಲಾ ಕೇಳಿದಳು: “ಪೂರಾ ಆದ್ರೋ, ಅರ್ಧ ಆದ್ರೋ?”

ಎರಡು ಸಾಫ್ಟ್‌ವೇರು ಇದ್ದದ್ದು ಒಂದಾಗಿ, ಒಬ್ಬ ಜನರಲ್ ಮ್ಯಾನೇಜರು ಆಗಬೇಕಾದದ್ದು ಇಬ್ಬರಾದರು. ಸಾಫ್ಟ್‌ವೇರಿಗೆ ಇದು ಮೊದಲು ಅರ್ಥವಾಗಲಿಲ್ಲ. ಎಲ್ಲರಿಗಿಂತ ಮೇಲೆ ಕೂತವರ ಸೂಟಿಯನ್ನು ಯಾರು ಮಂಜೂರು ಮಾಡಬೇಕು? ತುಸು ಹೊತ್ತು ಯೋಚಿಸಿ ತಾನೇ ದಾರಿ ಕಂಡುಕೊಂಡಿತು: ಅಮರೇಶನ ಸೂಟಿಗೆ ದಸ್ತಗೀರಸಾಬರ ಒಪ್ಪಿಗೆ, ದಸ್ತಗೀರಸಾಬರ ಸೂಟಿಗೆ ಅಮರೇಶನ ಒಪ್ಪಿಗೆ. ಇಬ್ಬರೂ ಬಿಗುಮಾನದಿಂದ ಬಹಳ ದಿನ ಸೂಟಿಯನ್ನೇ ಕೇಳಲಿಲ್ಲ. ಒಂದೇ ಕೋಣೆ, ಎರಡು ಕುರ್ಚಿ, ಎದುರುಬದುರು.

ಮಳೆಗಾಲ ಮುಗಿಯುವ ಹೊತ್ತಿಗೆ ಸಾಬರೇ ಮೊದಲು ಸೋತು ಎರಡು ದಿನದ ಅರ್ಜಿ ಹಾಕಿದರು. ಅದು ಮೇಜಿನ ಆ ಕಡೆಯಿಂದ ಹೊರಟು, ಕ್ಲೌಡ್ ಏರಿ, ಈ ಕಡೆ ಅಮರೇಶನ ಪರದೆಯ ಮೇಲೆ ಇಳಿಯಿತು. ಅಮರೇಶ ಗಂಟಲು ಸರಿಮಾಡಿಕೊಂಡ.

“ಕಾರಣ ‘ಸ್ವಂತ ಕೆಲಸ’ ಅಂತ ಬರದೀರಿ ಸಾಬರ. ಯಾವ ಸ್ವಂತ ಕೆಲಸ?”

“ಎರಡ ದಿನ ನಿಮ್ಮ ಮಾರಿ ನೋಡದ ಇರೂದು.”

ಅಮರೇಶ ಅರ್ಜಿಯನ್ನು ಇನ್ನೊಮ್ಮೆ ಓದಿದ. ‘ಕಾರಣ ಯೋಗ್ಯವಾಗಿದೆ’ ಎಂದು ಷರಾ ಹೊಡೆದು, ಮಂಜೂರು ಮಾಡಿ, ಅದೇ ಎರಡು ದಿನಗಳಿಗೆ, ಅದೇ ಕಾರಣ ಬರೆದು, ತನ್ನದೂ ಒಂದು ಅರ್ಜಿ ಹಾಕಿದ.